ವರ್ಷಕ್ಕೆ ಇಬ್ಬರೇ

ಕರಿಯರ ಹಕ್ಕಿನ ಕಾನೂನೊಂದು ವಾಷಿಂಗ್ಟನ್ನಿನಲ್ಲಿ ಪಾಸಾದಾಗಲೆಲ್ಲ ನಮ್ಮ ಚರ್ಚಿನಲ್ಲಿ ಕೋಳಿ ಕರಿಯುತ್ತಿದ್ದರು. ಸಾವಿರದ ಒಂಬೈನೂರ ಐವತ್ತೇಳರಲ್ಲಿ ಒಂದು ಕಾನೂನು ಬಂತು, ಕೋಳಿ ಕರಿದೆವು. ಅರವತ್ತರಲ್ಲಿ ಇನ್ನೊಂದು ಬಂತು, ಮತ್ತೆ ಕರಿದೆವು. ಅರವತ್ನಾಲ್ಕರಲ್ಲಿ ಬಂದದ್ದು ಭಾರೀ ದೊಡ್ಡದೆಂದು ಹೇಳಿ ಇಡೀ ಹಂದಿಯನ್ನೇ ಕೆಂಡದ ಮೇಲಿಟ್ಟರು. ತಿಂದು, ಹಾಡಿ, ಸೋಮವಾರ ಕೋರ್ಟು ಕಟ್ಟಡದ ಮೆಟ್ಟಿಲು ಹತ್ತಿದರೆ ಮತದಾರರ ಹೆಸರು ಬರೆದುಕೊಳ್ಳುವ ಅದೇ ರಿಜಿಸ್ಟ್ರಾರ್, ಅದೇ ಮುಚ್ಚಿದ ಕಿಟಕಿ, "ಊಟಕ್ಕೆ ಹೋಗಿದ್ದಾರೆ" ಎಂಬ ಅದೇ ಹಲಗೆ. ಬೆಳಿಗ್ಗೆ ಒಂಬತ್ತು ಗಂಟೆಗೇ ಊಟಕ್ಕೆ ಏಳುವ ಅಧಿಕಾರಿಗಳು ಅಲಬಾಮಾ ಬಿಟ್ಟರೆ ಇನ್ನೆಲ್ಲೂ ಇರಲಾರರು.

ನಾನು ಅರ್ವೆಲ್ಲಾ. ಮನೆಯ ಮುಂಗೋಣೆಯಲ್ಲೇ ನಮ್ಮ ಹೆಂಗಸರ ಕೂದಲು ನೇರ ಮಾಡುವ ಅಂಗಡಿ ಇಟ್ಟುಕೊಂಡಿದ್ದೇನೆ. ಬಿಳಿಯರ ಮನೆಯಲ್ಲಿ ದುಡಿಯುವವಳಲ್ಲ, ಹಾಗಾಗಿ ನನ್ನ ಬಾಯಿಗೆ ಬೀಗ ಹಾಕುವವರಿಲ್ಲ. ಹಾಕಲು ನೋಡಿದ ಒಬ್ಬ ಗಂಡ ಸೋತು ಸುಣ್ಣವಾಗಿ ಬರ್ಮಿಂಗ್‌ಹ್ಯಾಮಿನ ಉಕ್ಕಿನ ಕಾರ್ಖಾನೆಗೆ ಹೋಗಿ ಸೇರಿಕೊಂಡ. ಮನೆಯಲ್ಲಿ ಈಗ ನಾನು ಮತ್ತು ಅಮ್ಮ ಲುವೀನಿಯಾ, ಇಬ್ಬರೇ.

ಅಮ್ಮನಿಗೆ ಇದ್ದದ್ದು ಒಂದೇ ಹಟ. ತನ್ನ ಹೆಸರು ಮತದಾರರ ಪಟ್ಟಿಯಲ್ಲಿ ಬರಬೇಕು, ಒಂದು ಸಲವಾದರೂ ವೋಟು ಹಾಕಿ ಸಾಯಬೇಕು. ಹಟಕ್ಕೆ ಅಡ್ಡ ನಿಂತದ್ದು ಬರೀ ರಿಜಿಸ್ಟ್ರಾರ್ ಆಗಿದ್ದರೆ ನಾನು ಇಷ್ಟು ಮೈ ಪರಚಿಕೊಳ್ಳುತ್ತಿರಲಿಲ್ಲ. ಅವನು ಅಡ್ಡ ನಿಲ್ಲದೆ ಇನ್ನೇನು ಮಾಡಿಯಾನು? ನನ್ನ ಹೊಟ್ಟೆ ಉರಿಸಿದವರು ನಮ್ಮವರೇ, ನಮ್ಮ ಚರ್ಚಿನ ಹಿರಿಯರೇ ಆದ ಡೀಕನ್ ಸೀಫಸ್ ಟಾರ್ವರ್.

ನಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಹೊಸದಾಗಿ ಪಟ್ಟಿಗೆ ಸೇರಬೇಕಾದರೆ, ಈಗಾಗಲೇ ಪಟ್ಟಿಯಲ್ಲಿರುವ ಒಬ್ಬರು ಜೊತೆಗೆ ಬಂದು ಬಲಗೈ ಎತ್ತಿ ಸಾಕ್ಷಿ ಹೇಳಬೇಕು: ಈ ವ್ಯಕ್ತಿಯನ್ನು ನಾನು ಬಲ್ಲೆ, ಇದೇ ಕೌಂಟಿಯ ವಾಸ, ನಡತೆ ಒಳ್ಳೆಯದು. ಬಿಳಿಯರು ನಮಗಾಗಿ ಕೈ ಎತ್ತುವುದು ಕನಸಿನ ಮಾತು. ನಮ್ಮವರ ಪೈಕಿ ಪಟ್ಟಿಯಲ್ಲಿದ್ದವರು ಡೀಕನ್ ಟಾರ್ವರ್ ಒಬ್ಬರೇ. ಅವರದು ಹೆಣ ಸಂಸ್ಕಾರದ ಕಸುಬು. ಹಳೇ ಜಡ್ಜಿನ ಅಡುಗೆಯಾಕೆ ತೀರಿಕೊಂಡಾಗ ಆಕೆಯನ್ನು ಚೆನ್ನಾಗಿ ಕಳಿಸಿಕೊಟ್ಟರೆಂದು ಮೆಚ್ಚಿ ಆ ಜಡ್ಜ್ ಇವರ ಪರವಾಗಿ ಸಾಕ್ಷಿ ನಿಂತಿದ್ದನಂತೆ. ಇದು ಎರಡನೇ ಮಹಾಯುದ್ಧ ಮುಗಿದ ಹೊಸದರ ಮಾತು. ಆಮೇಲೆ ರಿಜಿಸ್ಟ್ರಾರ್ ಇನ್ನೊಂದು ಗೆರೆ ಎಳೆದ. ಡೀಕನ್ ವರ್ಷಕ್ಕೆ ಇಬ್ಬರಿಗೆ ಮಾತ್ರ ಸಾಕ್ಷಿ ಹೇಳಬಹುದು.

ವರ್ಷಕ್ಕೆ ಇಬ್ಬರು! ಆ ಎರಡು ಜಾಗಕ್ಕಾಗಿ ನಾವು ಕಚ್ಚಾಡಿದ್ದನ್ನು ಯಾವ ದೇವರೂ ನೋಡಬಾರದು. ಡಿಸೆಂಬರ್ ಬಂತೆಂದರೆ ಡೀಕನ್ನರ ಮನೆಗೆ ಹಂದಿಯ ತೊಡೆಯ ಹ್ಯಾಮು, ಕೇಕು, ಮುರಬ್ಬದ ಬಾಟಲಿ ಹರಿದು ಬರುತ್ತಿದ್ದವು. ಅಕ್ಕತಂಗಿಯರು ಮಾತು ಬಿಟ್ಟರು. ನಮ್ಮ ಗಾಯನ ಮಂಡಳಿ ಎರಡು ಪಂಗಡವಾಗಿ, ಒಂದು ಕಡೆಯವರು ಬಾಯಿ ತೆರೆದರೆ ಇನ್ನೊಂದು ಕಡೆಯವರು ಕೆಮ್ಮುತ್ತಿದ್ದರು. ಅಮ್ಮ ಪ್ರತಿ ಜನವರಿ ಗೆಣಸಿನ ಸಿಹಿ ಪೈ ಬೇಯಿಸಿ, ಬಿಳಿ ಬಟ್ಟೆ ಮುಚ್ಚಿ, ತಾನೇ ಹೊತ್ತುಕೊಂಡು ಹೋಗುತ್ತಿದ್ದಳು.

"ಮುಂದಿನ ವರ್ಷ ಸಿಸ್ಟರ್ ಲುವೀನಿಯಾ, ಖಂಡಿತ ನಿಮ್ದೇ ಪಾಳಿ," ಎನ್ನುತ್ತಿದ್ದರು ಡೀಕನ್ನರು, ಪೈ ಒಳಗೆ ತೆಗೆದುಕೊಳ್ಳುತ್ತ.

ಆಯಾ ವರ್ಷದ ಪಾಳಿ ಯಾರದೆಂದು ನೋಡಿದರೆ ಟೈ ಕಟ್ಟಿದವರೇ. ಒಂದು ವರ್ಷ ಪಾಸ್ಟರ್, ಒಂದು ವರ್ಷ ವಿಮೆ ಏಜೆಂಟ್, ಮತ್ತೊಂದು ವರ್ಷ ಹೆಡ್‌ಮಾಸ್ತರ್. ಹೋದವರೆಲ್ಲ ರಾಜ್ಯದ ಸಂವಿಧಾನದ ಯಾವುದೋ ಮೂಲೆಯ ಪ್ರಶ್ನೆಗೆ ಫೇಲಾಗಿ ಬರುತ್ತಿದ್ದರು. ಒಂದೇ ಒಂದು ಸಲ ಹೆಂಗಸಿಗೆ ಪಾಳಿ ಸಿಕ್ಕಿತು. ಅವಳು ಟೀಚರ್ ಒಜೆಲ್ಲಾ ಪ್ರುಯಿಟ್, ನನ್ನ ಗೆಳತಿ, ಕಾಲೇಜು ಓದಿದವಳು. ಸಂವಿಧಾನವನ್ನು ರಿಜಿಸ್ಟ್ರಾರನಿಗೇ ಪಾಠ ಮಾಡಬಲ್ಲಷ್ಟು ಬಲ್ಲವಳು. ಅವಳನ್ನೂ ಫೇಲು ಮಾಡಿದರು. ಅಷ್ಟಕ್ಕೇ ಬಿಡದೆ, ಕೋರ್ಟು ಕಟ್ಟಡದ ಮೆಟ್ಟಿಲು ಹತ್ತಿದಳೆಂಬ ಕಾರಣಕ್ಕೆ ಬಿಳಿಯರ ಶಾಲಾ ಮಂಡಳಿ ಅವಳ ಕೆಲಸ ಕಿತ್ತುಕೊಂಡಿತು. ಈಗ ಡೆಟ್ರಾಯಿಟಿನಲ್ಲಿ ಯಾರದೋ ಮನೆಯ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಪಾಠ ಮಾಡಬೇಕಾದ ಕೈ.

ಇಷ್ಟಾದರೂ ಡೀಕನ್ನರ ಮೇಲೆ ಜನಕ್ಕೆ ಭಕ್ತಿ. ಚುನಾವಣೆಯ ದಿನ ಅವರು ಕರಿ ಸೂಟು ತೊಟ್ಟು, ಹ್ಯಾಟು ಧರಿಸಿ, ಕೋರ್ಟು ಕಟ್ಟಡದ ಒಳಗೆ ಹೋಗುವುದನ್ನು ನೋಡಲೆಂದೇ ಜನ ಎದುರಿನ ರಸ್ತೆಯಲ್ಲಿ ಏನೋ ಕೆಲಸವಿದ್ದವರಂತೆ ಸುಳಿದಾಡುತ್ತಿದ್ದರು. ಹೊರಗೆ ಬಂದಾಗ ಯಾರಿಗೆ ಹಾಕಿದಿರಿ ಎಂದು ಕೇಳಿದರೆ, "ಅದು ಗುಟ್ಟು," ಎಂದು ಗಂಭೀರವಾಗಿ ಹೇಳಿ ಶವದ ಕಾರು ಹತ್ತಿ ಹೊರಟುಬಿಡುತ್ತಿದ್ದರು. ನಮ್ಮೆಲ್ಲರ ಪರವಾಗಿ ಒಬ್ಬರಾದರೂ ಹಾಕಿದರಲ್ಲ ಎಂದು ಅಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ನನ್ನ ಅಂಗಡಿಯಲ್ಲಿ ರೇಡಿಯೋ ಸದಾ ಹಾಡುತ್ತಿರುತ್ತದೆ. ಕಾನೂನು ಹೇಗೆ ಹುಟ್ಟುತ್ತದೆ ಎಂಬುದನ್ನು ನಾವು ಹೆಂಗಸರು ಕಲಿತದ್ದು ಅಲ್ಲೇ, ಬಿಸಿ ಬಾಚಣಿಗೆಯ ಹೊಗೆಯಲ್ಲಿ. ವಾಷಿಂಗ್ಟನ್ನಿನಲ್ಲಿ ಮಸೂದೆಯನ್ನು ಗುಂಡಿಟ್ಟು ಕೊಲ್ಲಬೇಕಾಗಿಲ್ಲ, ಮಾತಾಡಿಯೇ ಕೊಲ್ಲಬಹುದು. ನಮ್ಮ ದಕ್ಷಿಣದ ಸೆನೆಟರುಗಳು ಒಬ್ಬರ ನಂತರ ಒಬ್ಬರು ಎದ್ದು ನಿಂತು ಮಾತು ಶುರು ಮಾಡಿದರೆ ನಿಲ್ಲಿಸುವವರಿಲ್ಲ. ನಿಲ್ಲಿಸಲು ಮೂರರಲ್ಲಿ ಎರಡು ಪಾಲು ಸೆನೆಟರುಗಳು ಕೈ ಎತ್ತಬೇಕು. ಆ ಕೈಗಳನ್ನು ಕೂಡಿಸಲು ಅಧ್ಯಕ್ಷರ ಕಡೆಯವರು ಮಸೂದೆಯನ್ನು ಅಲ್ಲಿ ಸ್ವಲ್ಪ ಕತ್ತರಿಸಿ, ಇಲ್ಲಿ ಸ್ವಲ್ಪ ಕೆತ್ತಿ, ಕೊನೆಗೆ ನಮಗೆ ಮೂಳೆ ಉಳಿಸುತ್ತಾರೆ. ಐವತ್ತೇಳರ ಕಾನೂನು ಅಂಥ ಮೂಳೆ. ಅರವತ್ತರದ್ದು ಅದೇ ಮೂಳೆಯ ಸಾರು.

ಅರವತ್ನಾಲ್ಕರಲ್ಲಿ ಅವರು ವಸಂತದಿಂದ ಬೇಸಿಗೆಯವರೆಗೆ ಮಾತಾಡಿದರು. ನನ್ನ ಗಿರಾಕಿಗಳ ಕೂದಲು ನೇರವಾಗಿ, ಮತ್ತೆ ಗುಂಗುರಾಗಿ, ಮತ್ತೆ ನೇರವಾದರೂ ಸೆನೆಟರುಗಳ ಬಾಯಿ ಮುಚ್ಚಲಿಲ್ಲ. ಕೊನೆಗೂ ಪಾಸಾಯಿತು. ಬಿಳಿಯರ ಹೋಟೆಲಿನಲ್ಲಿ ನಾವು ಕೂತು ಕಾಫಿ ಕುಡಿಯಬಹುದು ಎಂದಾಯಿತು.

"ನಂಗೆ ಕಾಫಿ ಬೇಡ," ಎಂದಳು ಅಮ್ಮ. "ಆ ಕಾಫೀಲಿ ಅವರು ಏನು ಉಗುಳಿರ್ತಾರೋ ಯಾರಿಗ್ಗೊತ್ತು. ನಂಗೆ ವೋಟು ಬೇಕು."

"ಅದೂ ಬರುತ್ತಮ್ಮ."

"ಯಾವಾಗ? ನನ್ನನ್ನ ಸೀಫಸ್ ಪೆಟ್ಟಿಗೇಲಿಟ್ಟು ಮೊಳೆ ಹೊಡೆದ ಮೇಲಾ?"

ಮರುವರ್ಷ ವೋಟಿನ ಹಕ್ಕಿಗಾಗಿ ಮೆರವಣಿಗೆ ಹೊರಟ ನಮ್ಮವರ ತಲೆಯನ್ನು ಪೊಲೀಸರು ಸೆಲ್ಮಾದ ಸೇತುವೆಯ ಮೇಲೆ ಒಡೆದರು. ಆ ರಕ್ತವನ್ನು ಇಡೀ ದೇಶ ಟೀವಿಯಲ್ಲಿ ನೋಡಿದ ಮೇಲೆ ವಾಷಿಂಗ್ಟನ್ನಿಗೆ ತುರ್ತು ಬಂತು. ನಮ್ಮ ಜನ ಇಲ್ಲಿ ಪೆಟ್ಟು ತಿನ್ನದೆ ಅಲ್ಲಿ ಒಂದು ಕಾಗದವೂ ಮುಂದೆ ಸರಿದದ್ದಿಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ಮತ್ತೆ ಸೆನೆಟಿನಲ್ಲಿ ಮಾತೋ ಮಾತು. ಆಗಸ್ಟಿನಲ್ಲಿ ಅಧ್ಯಕ್ಷರು ಸಹಿ ಹಾಕಿದರು. ಪಾಸ್ಟರ್ ಭಾನುವಾರ ವೇದಿಕೆಯ ಮೇಲೆ ನಿಂತು ಓದಿ ಹೇಳಿದರು: ಸಂವಿಧಾನದ ಪ್ರಶ್ನೆ ಇಲ್ಲ, ಓದು ಬರಹದ ಪರೀಕ್ಷೆ ಇಲ್ಲ, ಯಾರೂ ಸಾಕ್ಷಿ ಹೇಳಬೇಕಾಗಿಲ್ಲ. ವಾಷಿಂಗ್ಟನ್ನಿನ ಅಧಿಕಾರಿಗಳೇ ಬಂದು ಅಂಚೆ ಕಚೇರಿಯ ಕೋಣೆಯಲ್ಲಿ ಕೂತು ಹೆಸರು ಬರೆದುಕೊಳ್ಳುತ್ತಾರೆ.

ಮತ್ತೆ ಕೋಳಿ ಕರಿದೆವು. ಡೀಕನ್ ಟಾರ್ವರ್ ತಟ್ಟೆ ಮುಟ್ಟಲಿಲ್ಲ. ದೊಡ್ಡಸ್ತಿಕೆ ಹೋಯಿತಲ್ಲ, ತುತ್ತು ಹೇಗೆ ಇಳಿದೀತು ಎಂದುಕೊಂಡು ನಾನು ಅವರ ಪಾಲಿನ ತೊಡೆಯನ್ನೂ ತಿಂದೆ.

ಅಧಿಕಾರಿಗಳು ಬಂದ ಬೆಳಿಗ್ಗೆ ನಾನೂ ಅಮ್ಮನೂ ಹೋಗುವಷ್ಟರಲ್ಲಿ ಅಂಚೆ ಕಚೇರಿಯಿಂದ ಹತ್ತಿ ಗೋದಾಮಿನವರೆಗೆ ಸಾಲು ಬೆಳೆದಿತ್ತು. ಎಲ್ಲರೂ ಭಾನುವಾರದ ಬಟ್ಟೆ ತೊಟ್ಟು, ಕೈಯಲ್ಲಿ ಚರ್ಚಿನ ಬೀಸಣಿಗೆ ಹಿಡಿದಿದ್ದರು. ಆ ಬೀಸಣಿಗೆಗಳ ಬೆನ್ನಿಗೆ ಟಾರ್ವರ್ ಸಂಸ್ಕಾರ ಗೃಹದ ಜಾಹೀರಾತು. ಬಾಗಿಲು ತೆರೆದೇ ಇತ್ತು. ಒಳಗೆ ಮೇಜಿನ ಹಿಂದೆ ತೋಳು ಮಡಚಿದ ಬಿಳಿಯ ಅಧಿಕಾರಿ ಖಾಲಿ ಕೂತಿದ್ದ. ಸಾಲು ಮಾತ್ರ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ.

"ಯಾಕೆ ನಿಂತಿದ್ದೀರಿ?" ಎಂದೆ ಮುಂದಿದ್ದವರಿಗೆ.

"ಡೀಕನ್ನೋರು ಬಂದಿಲ್ವಲ್ಲ," ಎಂದ ಗರಗಸದ ಮಿಲ್ಲಿನ ಓಡೆಲ್. "ಸಾಕ್ಷಿ ಇಲ್ದೆ ಹೆಂಗೆ ಹೋಗೋದು?"

"ಸಾಕ್ಷಿ ಬೇಡ ಅಂತ ಪಾಸ್ಟರ್ ಬಾಯಿ ಬಡ್ಕೊಂಡ್ರಲ್ಲ! ನೀನೂ ಅಲ್ಲೇ ಕೂತಿದ್ದೆ!"

"ಪಾಸ್ಟರ್ ಹೇಳ್ತಾರಮ್ಮ. ಒಳಗಿರೋನು ಬಿಳಿಯೋನು. ಸಾಕ್ಷಿ ಎಲ್ಲಿ ಅಂತ ಕೇಳಿ ವಾಪಸ್ ಕಳ್ಸಿದ್ರೆ? ಇರೋ ಒಂದು ಅವಕಾಶಾನೂ ಹಾಳಾಗುತ್ತೆ."

ಅಷ್ಟರಲ್ಲಿ ಆ ಅಧಿಕಾರಿಯೇ ಹೊಸ್ತಿಲಿಗೆ ಬಂದು, "ದಯವಿಟ್ಟು ಬನ್ನಿ, ಯಾರೂ ಜೊತೆಗೆ ಬರಬೇಕಾಗಿಲ್ಲ," ಎಂದ. ಎಲ್ಲರೂ ನಯವಾಗಿ ತಲೆ ಆಡಿಸಿದರು. "ಥ್ಯಾಂಕ್ಯೂ ಸರ್, ನಾವು ಕಾಯ್ತೀವಿ ಸರ್," ಎಂದರು. ಆತ ತಲೆ ಕೆರೆದುಕೊಂಡು ಒಳಗೆ ಹೋದ. ನನಗೆ ರಸ್ತೆಯಲ್ಲೇ ತಲೆ ಚಚ್ಚಿಕೊಳ್ಳಬೇಕೆನಿಸಿತು. ಕಟ್ಟಿದ ಹಗ್ಗ ಬಿಚ್ಚಿದರೂ ಗೂಟದ ಸುತ್ತಲೇ ನಿಂತಿರುವ ಹಸುಗಳಂತೆ ನಿಂತಿದ್ದರು.

"ನೀನಾದ್ರೂ ಬಾರಮ್ಮ," ಎಂದು ಕೈ ಹಿಡಿದೆಳೆದೆ.

ಅಮ್ಮ ಕೈ ಬಿಡಿಸಿಕೊಂಡಳು. "ಎಲ್ಲಾ ಕ್ರಮವಾಗಿ ಆಗ್ಲಿ. ಸೀಫಸ್ ಬರ್ಲಿ. ನಾಳೆ ಯಾರೂ ಇದು ಸರಿಯಾಗಿಲ್ಲ ಅಂತ ಹೊಡೆದು ಹಾಕಬಾರ್ದು. ಹೋಗಿ ಕರ್ಕೊಂಡು ಬಾ ಅವನ್ನ."

ಹೋದೆ. ಆ ಬಿಸಿಲಲ್ಲಿ, ಹಿಮ್ಮಡಿ ಎತ್ತರದ ಬೂಟಿನಲ್ಲಿ, ಬೈಯುತ್ತಲೇ ಹೋದೆ. ಡೀಕನ್ನರು ಸಂಸ್ಕಾರ ಗೃಹದ ಹಿಂಭಾಗದಲ್ಲಿ ಅಂಗಿಯ ತೋಳು ಮಡಚಿ ಶವದ ಕಾರು ಒರೆಸುತ್ತಿದ್ದರು. ಅದು ಆಗಲೇ ಮುಖ ಕಾಣುವಷ್ಟು ಹೊಳೆಯುತ್ತಿತ್ತು.

"ಏನು ಡೀಕನ್ನೋರೇ, ಊರಿಗೂರೇ ಬಿಸಿಲಲ್ಲಿ ಬೇಯ್ತಿದೆ, ನೀವು ಇಲ್ಲಿ ಪಾಲಿಶ್ ಹಾಕ್ತಾ ಕೂತಿದ್ದೀರಾ?"

"ನನ್ನ ಸಾಕ್ಷಿ ಬೇಡವಂತಲ್ಲ ಮಗಳೇ ಈಗ."

"ಬೇಡ ಅಂತ ನಂಗೊತ್ತು. ಅವರಿಗೆ ಹೇಳೋರ್ಯಾರು? ನೀವು ಬಾಗಿಲ ಹತ್ರ ನಿಂತು 'ಹೋಗ್ರಪ್ಪಾ' ಅಂದ್ರೆ ಸಾಕು, ಹೋಗ್ತಾರೆ."

"ನಾನು ಬರಲ್ಲ."

"ಯಾಕೆ? ಇನ್ಮೇಲೆ ಹ್ಯಾಮು, ಕೇಕು ಬರಲ್ಲ ಅಂತ ಸಂಕಟಾನಾ? ನಮ್ಮಮ್ಮನ ಪೈ ತಿಂದು ತಿಂದು ಬೆಳೆದಿರೋ ಹೊಟ್ಟೆ ಅದು. ಆ ಋಣಕ್ಕಾದ್ರೂ ಬನ್ನಿ!"

ಅವರು ಬಟ್ಟೆಯನ್ನು ಮಡಚಿ ಕಾರಿನ ಮೇಲಿಟ್ಟರು. ಮತ್ತೆ ಎತ್ತಿಕೊಂಡು ಮತ್ತೆ ಮಡಚಿದರು. "ಪಟ್ಟೀಲಿ ನನ್ನ ಹೆಸರಿಲ್ಲ ಅರ್ವೆಲ್ಲಾ," ಎಂದರು.

ನನಗೆ ಅರ್ಥವಾಗಲಿಲ್ಲ. "ಯಾವ ಪಟ್ಟಿ?"

"ವೋಟಿನ ಪಟ್ಟಿ. ಐವತ್ನಾಲ್ಕರಲ್ಲಿ ಶಾಲೆಗಳ ತೀರ್ಪು ಬಂತಲ್ಲ, ಬಿಳೀ ಮಕ್ಕಳು ನಮ್ಮ ಮಕ್ಕಳು ಒಟ್ಟಿಗೆ ಕೂರ್ಬೇಕು ಅಂತ. ಆ ಬೇಸಿಗೇಲಿ ನನ್ನ ಹೆಸರು ಹೊಡೆದು ಹಾಕಿದ್ರು. ರಿಜಿಸ್ಟ್ರಾರ್ ಕರೆಸಿ ಹೇಳ್ದ: 'ಯಾರಿಗೂ ಹೇಳ್ಬೇಡ ಸೀಫಸ್. ನಿನ್ನ ಪಾಡಿಗೆ ನೀನು ವರ್ಷಕ್ಕೆ ಇಬ್ಬರನ್ನ ಕರ್ಕೊಂಡು ಬರ್ತಾ ಇರು. ಯಾರಾದ್ರೂ ಕೇಳಿದ್ರೆ ನಮ್ಮಲ್ಲಿ ಅಡ್ಡಿ ಇಲ್ಲ ಅಂತ ನಾವೂ ತೋರಿಸ್ಬಹುದು. ಇಲ್ಲಾಂದ್ರೆ ಹೆಣ ಹೂಳೋ ಲೈಸೆನ್ಸ್ ಬೇರೆಯವರಿಗೆ ಹೋಗುತ್ತೆ.'"

"ಹಾಗಾದ್ರೆ ಚುನಾವಣೆ ದಿನ? ನಾವೆಲ್ಲ ನೋಡ್ತಿದ್ವಲ್ಲ, ಒಳಗೆ ಹೋಗ್ತಿದ್ರಿ?"

"ನೆಲಮಾಳಿಗೇಲಿ ನಮ್ಮವರಿಗೆ ಅಂತ ಬೇರೆ ಇಟ್ಟಿರೋ ನೀರಿನ ನಲ್ಲಿ ಇದೆಯಲ್ಲ, ಅದರ ಪಕ್ಕ ಬೆಂಚಲ್ಲಿ ಕೂತಿರ್ತಿದ್ದೆ. ಒಂದು ಲೋಟ ನೀರು ಕುಡಿದು ಬರ್ತಿದ್ದೆ."

ಇಲ್ಲದ ಎರಡು ಜಾಗಕ್ಕಾಗಿ ನಾವು ಒಬ್ಬರ ಜುಟ್ಟು ಒಬ್ಬರು ಹಿಡಿದಿದ್ದೆವು. ಇಲ್ಲದ ಸಾಕ್ಷಿಗಾಗಿ ಅಮ್ಮ ಪೈ ಹೊತ್ತಿದ್ದಳು. ಫೇಲಾದವರು ಪ್ರಶ್ನೆಗೆ ಉತ್ತರ ಬಾರದೆ ಫೇಲಾದವರಲ್ಲ. ಉತ್ತರ ಬಂದಿದ್ದರೂ ಅಷ್ಟೇ, ಬಾರದಿದ್ದರೂ ಅಷ್ಟೇ.

"ಒಜೆಲ್ಲಾ?" ಎಂದೆ. "ಅವಳನ್ನ ಗೊತ್ತಿದ್ದೂ ಗೊತ್ತಿದ್ದೂ ಕರ್ಕೊಂಡು ಹೋದ್ಯಾ?"

ಅವರನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವರಿಗೂ ಅದು ನಾಟಿತು.

"ಮುಂದಿನ ವರ್ಷ ಅಂದ್ರೆ ಅವಳು ಒಪ್ಪಲಿಲ್ಲ ಮಗಳೇ, ಕರ್ಕೊಂಡು ಹೋಗ್ಲೇಬೇಕು ಅಂತ ಹಟ ಹಿಡಿದ್ಲು. ಇಲ್ಲ ಅನ್ನೋಕೆ ಕಾರಣ ಏನು ಹೇಳ್ಲಿ? ನೋಡು, ಒಬ್ಬನಾದ್ರೂ ಒಳಗಿದ್ದಾನೆ ಅನ್ನೋ ಧೈರ್ಯದ ಮೇಲೆ ತಾನೇ ನೀವೆಲ್ಲ ಆ ಮೆಟ್ಟಿಲು ಹತ್ತಿದ್ದು? ಯಾರೂ ಇಲ್ಲ ಅಂದಿದ್ರೆ ಯಾರು ಹತ್ತುತ್ತಿದ್ರು?"

"ನಮ್ಮ ಮೂಗಿಗೆ ತುಪ್ಪ ಸವರಿ ಅದನ್ನ ಧೈರ್ಯ ಅಂತೀಯಲ್ಲ! ಅವಳು ಇಸ್ತ್ರಿ ಪೆಟ್ಟಿಗೆ ಹಿಡಿದಿದಾಳೆ ಕಣಯ್ಯಾ ಅಲ್ಲಿ! ಹ್ಯಾಟು ಹಾಕ್ಕೋ. ನಡಿ. ಇದನ್ನ ನಂಗೆ ಹೇಳಿದ್ದು ಸಾಲ್ದು, ಅಲ್ಲಿ ಹೇಳು."

ಬರಲಾರರೆಂದುಕೊಂಡಿದ್ದೆ. ಬಂದರು. ಅವರು ಕಾಣಿಸಿದ್ದೇ ತಡ ಸಾಲಿನಲ್ಲಿ ಸಂತೋಷದ ಗುಜುಗುಜು ಎದ್ದಿತು. "ಬಂದ್ರು, ಬಂದ್ರು!" ಎಂದು ದಾರಿ ಬಿಟ್ಟರು. ಡೀಕನ್ನರು ಯಾರ ಮುಖವನ್ನೂ ನೋಡದೆ, ಬಾಗಿಲನ್ನು ದಾಟಿ, ಇಡೀ ಸಾಲನ್ನು ದಾಟಿ, ಹತ್ತಿ ಗೋದಾಮಿನ ಗೋಡೆಯ ಹತ್ತಿರ ಕೊನೆಯಲ್ಲಿ ಹೋಗಿ ನಿಂತರು.

"ಅಲ್ಯಾಕೆ ನಿಂತ್ರಿ ಡೀಕನ್ನೋರೇ?" ಎಂದು ಓಡೆಲ್ ಕೂಗಿದ. "ಮುಂದೆ ಬನ್ನಿ, ನಮಗೆ ಸಾಕ್ಷಿ ಹೇಳಿ."

"ನನ್ನ ಹೆಸರೂ ಬರೆಸ್ಬೇಕಾಗಿದೆ ಓಡೆಲ್," ಎಂದರು. ಆಮೇಲೆ ಹ್ಯಾಟು ತೆಗೆದು ಎಲ್ಲವನ್ನೂ ಹೇಳಿದರು. ಬೆಂಚು, ನೀರಿನ ನಲ್ಲಿ, ಎಲ್ಲ. ಮೆಲ್ಲಗೇ ಹೇಳಿದರು, ಆದರೆ ಆ ಸಾಲಿನಲ್ಲಿ ಬೀಸಣಿಗೆಯೂ ಆಡುತ್ತಿರಲಿಲ್ಲವಾದ್ದರಿಂದ ಮುಂದಿನವರೆಗೂ ಕೇಳಿಸಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಒಬ್ಬ ಹೆಂಗಸು ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನು ತಿರುಗಿಸಿ ನೋಡಿ ನೆಲಕ್ಕೆ ಹಾಕಿದಳು, ಅಷ್ಟೆ. ಅಮ್ಮ ಲಂಗ ಸರಿ ಮಾಡಿಕೊಂಡು, ಮುಂದಿದ್ದವರನ್ನೆಲ್ಲ ಪಕ್ಕಕ್ಕೆ ಸರಿಸುತ್ತ, ಯಾರನ್ನೂ ಕೇಳದೆ, ನೆಟ್ಟಗೆ ಬಾಗಿಲೊಳಗೆ ಹೋದಳು.

ನಾನು ಹಿಂದೆಯೇ ಓಡಿದೆ.

"ಕೂತ್ಕೊಳ್ಳಿ ಮಿಸೆಸ್ ಗಿಲ್ಯಾರ್ಡ್," ಎಂದ ಅಧಿಕಾರಿ, ಅಮ್ಮ ಹೆಸರು ಹೇಳಿದ ಮೇಲೆ. ಅಮ್ಮ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದರೇನೋ ಎಂದು. ಈ ಊರಿನ ಬಿಳಿಯರ ಬಾಯಲ್ಲಿ ಅವಳು ಹುಟ್ಟಿದಾಗಿನಿಂದ ಬರೀ ಲುವೀನಿಯಾ. ಎಷ್ಟು ವರ್ಷದಿಂದ ಇಲ್ಲಿದ್ದೀರಿ, ವಯಸ್ಸೆಷ್ಟು ಎಂದು ಕೇಳಿದ, ಬರೆದುಕೊಂಡ, ಸಹಿ ಹಾಕಿಸಿಕೊಂಡ, ಮತದಾರಳೆಂಬ ಕಾಗದವೊಂದನ್ನು ಕೈಗೆ ಕೊಟ್ಟ.

"ಇಷ್ಟೇನಾ?" ಎಂದಳು ಅಮ್ಮ.

"ಇಷ್ಟೇ ಮೇಡಂ."

"ಇಷ್ಟೇನಾ?" ಎಂದಳು ಮತ್ತೆ. ಈ ಸಲ ಅವಳ ದನಿಯಲ್ಲಿ ಸಂತೋಷವಿರಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಒಂದು ಜನ್ಮ ಕಾಯಿಸಿದರಲ್ಲ ಎಂಬ ಸಿಟ್ಟು ಅದು.

ಅಮ್ಮ ಹೋಗಿ ಬಂದದ್ದನ್ನು ನೋಡಿ ಸಾಲು ಹರಿಯತೊಡಗಿತು. ನನ್ನದೂ ಆಯಿತು. ಮನೆಗೆ ಹೋಗೋಣ ಎಂದರೆ ಅಮ್ಮ ಒಪ್ಪಲಿಲ್ಲ. ಅಂಚೆ ಕಚೇರಿಯ ಪಕ್ಕದ ಮರದ ಕೆಳಗೆ ಕೂತು ಬೂಟು ಬಿಚ್ಚಿ ಕಾಲು ಚಾಚಿದಳು. ಕಣ್ಣು ಮಾತ್ರ ಸಾಲಿನ ಕೊನೆಯ ಮೇಲಿತ್ತು. ಹೊಸದಾಗಿ ಬಂದವರನ್ನೆಲ್ಲ ಡೀಕನ್ನರು ತಮಗಿಂತ ಮುಂದೆ ಬಿಡುತ್ತಿದ್ದರು. ಕಚೇರಿ ಮುಚ್ಚುವ ಹೊತ್ತಿಗೆ ಅವರ ಸರದಿ ಬಂತು. ಅಮ್ಮ ಬೂಟು ಹಾಕಿಕೊಂಡು ಎದ್ದಳು.

ನಾವು ಬಾಗಿಲಿಗೆ ಹೋದಾಗ ಡೀಕನ್ನರು ಮೇಜಿನ ಮುಂದೆ ನಿಂತಿದ್ದರು. ಅಧಿಕಾರಿ ಹೆಸರು ಕೇಳುತ್ತಿದ್ದರೆ ಇವರಿಗೆ ಅದು ಕಿವಿಗೇ ಬೀಳುತ್ತಿಲ್ಲ. ಅಭ್ಯಾಸಬಲದಿಂದ ಬಲಗೈ ಅರ್ಧ ಎತ್ತಿ, ಯಾರಿಗಾಗಿ ಎತ್ತಿದೆ ಎಂದು ತಿಳಿಯದೆ, ಹಿಂದೆ ತಿರುಗಿ ಸಾಕ್ಷಿಯನ್ನು ಹುಡುಕುತ್ತಿದ್ದರು. ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಕನಿಕರ ಹುಟ್ಟಲಿಲ್ಲ, ಸುಳ್ಳು ಯಾಕೆ ಹೇಳಲಿ.

ಅಮ್ಮ ಒಳಗೆ ಹೋಗಿ ಅವರ ಪಕ್ಕ ನಿಂತು ಬಲಗೈ ಎತ್ತಿದಳು.

"ನಾನು ಲುವೀನಿಯಾ ಗಿಲ್ಯಾರ್ಡ್. ಈ ಕೌಂಟಿಯ ಮತದಾರಳು. ಈ ಸೀಫಸ್ ಟಾರ್ವರ್‌ನನ್ನ ಇವನು ಚಡ್ಡಿ ಹಾಕ್ಕೊಳ್ತಿದ್ದಾಗಿಂದ ಬಲ್ಲೆ. ಇವನು ಇದೇ ಊರೋನು." ಅಲ್ಲಿ ನಿಲ್ಲಿಸಿದಳು. "ನಡತೆ ವಿಷ್ಯ ಮಾತ್ರ ನಾನೇನೂ ಹೇಳಲ್ಲ."

"ಮೇಡಂ, ಈಗ ಸಾಕ್ಷಿ ಬೇಕಾಗಿಲ್ಲ," ಎಂದ ಅಧಿಕಾರಿ.

"ನಿಮಗೆ ಬೇಡ ಸರ್. ಅವನಿಗೆ ಬೇಕು."

ಮನೆಗೆ ನಡೆಯುತ್ತ ನಾನು ಸುಮ್ಮನಿರಲಿಲ್ಲ. "ಯಾಕಮ್ಮ ಹಾಗೆ ಮಾಡ್ದೆ? ಇಷ್ಟು ವರ್ಷ ಕಣ್ಣಿಗೆ ಮಣ್ಣೆರಚಿದೋನಿಗೆ ಪುಕ್ಕಟೆ ಕ್ಷಮೆಯಾ?"

"ಕ್ಷಮೆ ಅಂತ ಯಾರೇ ಹೇಳಿದ್ದು?" ಎಂದಳು ಅಮ್ಮ. "ಇನ್ಮೇಲೆ ಅವನು ಸಾಯೋ ತನಕ ಹಾಕೋ ಒಂದೊಂದು ವೋಟೂ ನನ್ನ ಮಾತಿನ ಮೇಲೆ ಹಾಕ್ತಾನೆ. ಪ್ರತಿ ಸಲ ಅವನಿಗೆ ಅದು ನೆನಪಾಗ್ಲಿ."

ನನಗೆ ಸ್ವಲ್ಪ ತಣ್ಣಗಾಯಿತು. ಸ್ವಲ್ಪವೇ.

"ಒಜೆಲ್ಲಾಗೆ ಏನಂತ ಬರೀಲಿ?" ಎಂದೆ.

ನಮ್ಮ ಮನೆಯ ಮೆಟ್ಟಿಲು ಬಂತು. ಅಮ್ಮ ಮೇಲಿನ ಮೆಟ್ಟಿಲ ಮೇಲೆ ಕೂತಳು. ಮಡಿಲಲ್ಲಿದ್ದ ಹೊಸ ಮತದಾರರ ಕಾಗದವನ್ನು ಬಿಚ್ಚಿ ನೋಡಲೂ ಇಲ್ಲ.

"ಬಾ ಅಂತ ಬರೆದ್ರೆ ಬರ್ತಾಳೆ, ಬಂದು ವೋಟೂ ಹಾಕ್ತಾಳೆ," ಎಂದಳು. "ಅವಳ ಕ್ಲಾಸ್‌ರೂಮನ್ನ ವಾಪಸ್ ಕೊಡಿಸೋ ಕಾನೂನು ಇನ್ನೂ ಯಾರೂ ಬರೆದಿಲ್ಲ ಕಣೆ."